ಹಡಗು ಹತ್ತುವ ಮೊದಲು ರಾಜೇಶ್ವರಿ ಮಾಡಿದ್ದೇನು?

ವಿದೇಶದಲ್ಲಿ ಎಂ.ಎಸ್. ಮಾಡ್ತೀನಿ ಅಂದರೆ ನಮ್ಮ ಹುಣಸೂರು, ಪಿರಿಯಾಪಟ್ಟಣ ಕಡೆ ಮನೆಯವರು ಯಾವ ದೇಶ, ಯಾವ ಕಾಲೇಜು ಎಂದು ಕೇಳುವುದಿಲ್ಲ. ಎಷ್ಟು ಖರ್ಚು, ಜಮೀನು ಮಾರಬೇಕಾ ಎಂದು ಕೇಳುತ್ತಾರೆ. ಕೆ.ಆರ್. ನಗರದ ಭತ್ತದ ಬಯಲಿನಲ್ಲೂ ಎಚ್.ಡಿ. ಕೋಟೆಯ ಕಾಡಂಚಿನಲ್ಲೂ ಪ್ರಶ್ನೆ ಇದೇ. ಬಿ.ಇ. ಮೂರನೇ ವರ್ಷದಲ್ಲಿರುವ ನನಗೂ ಈ ಪ್ರಶ್ನೆ ಎದುರಾಗಿದೆ. ಉತ್ತರ ಹುಡುಕುವಾಗ ನನಗೆ ಹೆಚ್ಚು ಉಪಯೋಗಕ್ಕೆ ಬಂದದ್ದು ಯಾವ ಎಜುಕೇಷನ್ ಫೇರ್ ಕೂಡ ಅಲ್ಲ. ನಮ್ಮದೇ ಜಿಲ್ಲೆಯ ನಂಜನಗೂಡಿನಲ್ಲಿ ವಕೀಲರಾಗಿದ್ದವರೊಬ್ಬರ ಮಗಳ ಜೀವನ.

ಆಕೆ ರಾಜೇಶ್ವರಿ ಚಟರ್ಜಿ. ಕರ್ನಾಟಕದ ಮೊದಲ ಮಹಿಳಾ ಎಂಜಿನಿಯರ್ ಎಂದು ಅವರನ್ನು ಕರೆಯುತ್ತಾರೆ. ಎಲೆಕ್ಟ್ರಾನಿಕ್ಸ್ ಓದುವ ನಾವು ಮೈಕ್ರೋವೇವ್ ಮತ್ತು ಆ್ಯಂಟೆನಾ ವಿಷಯದ ಪುಸ್ತಕ ತೆರೆದರೆ ಬೆವರುತ್ತೇವೆ. ಅದೇ ವಿಷಯವನ್ನು ನಮ್ಮ ದೇಶದಲ್ಲಿ ಮೊದಮೊದಲು ಬೆಳೆಸಿದವರಲ್ಲಿ ಅವರೊಬ್ಬರು. ಅವರು ತೀರಿಕೊಂಡಾಗ ನಾನಿನ್ನೂ ಅಂಗನವಾಡಿ ಮೆಟ್ಟಿಲಲ್ಲಿದ್ದೆ. ಪರದೇಶಕ್ಕೆ ಓದಲು ಹೋಗಲು ಅವರಿಗೆ ದುಡ್ಡು ಎಲ್ಲಿಂದ ಬಂತು, ಯಾವ ಕ್ರಮದಲ್ಲಿ ಬಂತು ಎಂಬುದನ್ನು ನೋಡಿದರೆ ಇವತ್ತಿನ ನಮಗೂ ಒಂದು ದಾರಿ ಕಾಣುತ್ತದೆ.

ರಾಜೇಶ್ವರಿ ಹುಟ್ಟಿದ್ದು 1922ರ ಜನವರಿ 24ರಂದು. ಅಜ್ಜಿ ಕಮಲಮ್ಮ ದಾಸಪ್ಪ ಹಳೇ ಮೈಸೂರು ಸಂಸ್ಥಾನದ ಮೊದಲ ಮಹಿಳಾ ಪದವೀಧರರಲ್ಲಿ ಒಬ್ಬರು. ವಿಧವೆಯರು, ಗಂಡ ಬಿಟ್ಟ ಹೆಂಗಸರು ಓದಿ ತಮ್ಮ ಕಾಲ ಮೇಲೆ ನಿಲ್ಲಬೇಕು ಎಂದು ದುಡಿದವರು. ಮನೆಯಲ್ಲಿ ಅಜ್ಜಿಯೇ ಪದವೀಧರೆಯಾಗಿದ್ದರೆ ಮೊಮ್ಮಗಳು ಓದುವುದು ಸುದ್ದಿಯೇನಲ್ಲ. ನಮ್ಮಂಥ ಎಷ್ಟೋ ಮನೆಗಳಲ್ಲಿ ಎಸ್ಸೆಸ್ಸೆಲ್ಸಿ ದಾಟಿದ ಮೊದಲ ಹುಡುಗಿಯರು ನಾವೇ ಇರುತ್ತೇವೆ. ಈ ವ್ಯತ್ಯಾಸವನ್ನು ಮುಚ್ಚಿಟ್ಟು ಅವರ ಕಥೆ ಹೇಳುವುದು ಸರಿಯಲ್ಲ ಎಂದು ಮೊದಲೇ ಹೇಳಿಬಿಡುತ್ತೇನೆ. ಆದರೆ ಮನೆಯ ಬೆಂಬಲ ಅವರನ್ನು ಕಾಲೇಜಿನ ಬಾಗಿಲವರೆಗೆ ತಂದಿತು. ಆಚೆಯದ್ದನ್ನು ಅವರೇ ಸಂಪಾದಿಸಿದರು.

ಬಾಲ್ಯದ ಓದು ಬೆಂಗಳೂರಿನ ಮಹಿಳಾ ಸೇವಾ ಸಮಾಜದ ಶಾಲೆಯಲ್ಲಿ. ಅವರಿಗೆ ಇತಿಹಾಸವೆಂದರೆ ಇಷ್ಟವಿತ್ತು. ಆದರೂ ಕೊನೆಗೆ ವಿಜ್ಞಾನ ಮತ್ತು ಗಣಿತವನ್ನು ಆರಿಸಿಕೊಂಡರು. ಆಗ ಮೈಸೂರು ವಿಶ್ವವಿದ್ಯಾಲಯಕ್ಕೆ ಸೇರಿದ್ದ ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಗಣಿತದಲ್ಲಿ ಬಿ.ಎಸ್ಸಿ. ಆನರ್ಸ್, ಆಮೇಲೆ ಎಂ.ಎಸ್ಸಿ. ಮಾಡಿದರು. ಎರಡರಲ್ಲೂ ವಿಶ್ವವಿದ್ಯಾಲಯಕ್ಕೇ ಮೊದಲ ರ‍್ಯಾಂಕ್. ಬಿ.ಎಸ್ಸಿ.ಯಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರ್ ಪುರಸ್ಕಾರ, ಎಂ.ಎಸ್ಸಿ.ಯಲ್ಲಿ ಎಂ.ಟಿ. ನಾರಾಯಣ ಅಯ್ಯಂಗಾರ್ ಬಹುಮಾನ ಮತ್ತು ವಾಲ್ಟರ್ಸ್ ಸ್ಮಾರಕ ಬಹುಮಾನ ಬಂದವು. ವಿದೇಶಕ್ಕೆ ಹೋಗಲು ಇಷ್ಟು ಸಾಲದು. ಆದರೆ ಮುಂದೆ ಎಲ್ಲಿ ಅರ್ಜಿ ಹಾಕಿದರೂ ಮೊದಲ ಪುಟದಲ್ಲಿ ಬರೆಯಲು ಅವರ ಹತ್ತಿರ ಏನೋ ಒಂದು ಇತ್ತು.

1943ರಲ್ಲಿ ಅವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಸೇರಿದರು. ನಮ್ಮ ಜನ ಇವತ್ತಿಗೂ ಟಾಟಾ ಇನ್‌ಸ್ಟಿಟ್ಯೂಟ್ ಎನ್ನುವ ಸಂಸ್ಥೆ ಅದೇ. ಜಮ್‌ಶೆಟ್‌ಜಿ ಟಾಟಾ ಕಂಡ ಕನಸಿಗೆ ಮೈಸೂರು ಸಂಸ್ಥಾನ ಜಾಗ ಕೊಟ್ಟು, 1909ರಲ್ಲಿ ಅದು ಶುರುವಾಗಿತ್ತು. ಸರ್ ಸಿ.ವಿ. ರಾಮನ್ ಅವರ ಕೈಕೆಳಗೆ ಸಂಶೋಧನೆ ಮಾಡಬೇಕೆಂಬ ಆಸೆ ರಾಜೇಶ್ವರಿಯವರಿಗೆ ಇತ್ತಂತೆ. ಭೌತಶಾಸ್ತ್ರದ ಪದವಿ ಇಲ್ಲ ಎಂಬ ಕಾರಣಕ್ಕೆ ಅದು ಆಗಲಿಲ್ಲ ಎಂದು ಹೇಳುತ್ತಾರೆ. ಅಲ್ಲಿಗೆ ಮನೆಗೆ ಹಿಂದಿರುಗದೆ ಅದೇ ಸಂಸ್ಥೆಯ ಎಲೆಕ್ಟ್ರಿಕಲ್ ಟೆಕ್ನಾಲಜಿ ವಿಭಾಗಕ್ಕೆ ಹೋದರು. ಸಂಪರ್ಕ ತಂತ್ರಜ್ಞಾನದ ವಿಭಾಗದಲ್ಲಿ ಸಂಶೋಧನಾ ವಿದ್ಯಾರ್ಥಿಯಾದರು. ಗಣಿತ ಓದಿದ್ದ ಹುಡುಗಿ ರೇಡಿಯೊ ಕಡೆ ತಿರುಗಿದ್ದು ಹೀಗೆ.

ಆ ಕಾಲ ಎಂಥದ್ದು ಎಂದು ನೆನಪಿಸಿಕೊಳ್ಳಿ. ಮದರಾಸಿನ ಗಿಂಡಿ ಕಾಲೇಜಿನಲ್ಲಿ ಓದಿದ ಎ. ಲಲಿತಾ ದೇಶದ ಮೊದಲ ಮಹಿಳಾ ಎಂಜಿನಿಯರ್ ಆಗಿದ್ದು ಕೂಡ ಅದೇ 1940ರ ದಶಕದ ಮೊದಲ ಭಾಗದಲ್ಲಿ. ಎರಡನೇ ಮಹಾಯುದ್ಧ ನಡೆಯುತ್ತಿತ್ತು. ಶತ್ರು ವಿಮಾನವನ್ನು ದೂರದಿಂದಲೇ ಪತ್ತೆ ಹಚ್ಚುವ ರೇಡಾರ್‌ಗಾಗಿ ದೊಡ್ಡ ದೇಶಗಳು ಮೈಕ್ರೋವೇವ್ ಮೇಲೆ ಹಣ ಸುರಿಯುತ್ತಿದ್ದವು. ಮೈಕ್ರೋವೇವ್ ಎಂದರೆ ಸಾಮಾನ್ಯ ರೇಡಿಯೊ ಅಲೆಗಳಿಗಿಂತ ಬಹಳ ಚಿಕ್ಕ ಅಲೆಗಳು, ಒಂದು ಮೀಟರ್‌ನಿಂದ ಒಂದು ಮಿಲಿಮೀಟರ್‌ವರೆಗಿನವು. ಯುದ್ಧ ಮುಗಿದ ಮೇಲೆ ಆ ವಿದ್ಯೆ ಸೈನ್ಯದಿಂದ ವಿಶ್ವವಿದ್ಯಾಲಯಗಳಿಗೆ ಇಳಿಯಿತು. ರಾಜೇಶ್ವರಿ ತಯಾರಾಗಿ ನಿಂತದ್ದು ಸರಿಯಾಗಿ ಆ ಹೊತ್ತಿಗೆ.

ಯುದ್ಧದ ನಂತರ ಭಾರತ ಸರ್ಕಾರ ಪ್ರತಿಭಾವಂತ ಯುವ ವಿಜ್ಞಾನಿಗಳನ್ನು ಹೊರದೇಶಕ್ಕೆ ಕಳಿಸಿ ಓದಿಸಲು ವಿದ್ಯಾರ್ಥಿವೇತನ ಕೊಡುತ್ತಿತ್ತು. ನಾಳೆ ಸ್ವತಂತ್ರ ದೇಶ ಕಟ್ಟಲು ತಾಂತ್ರಿಕ ಜನ ಬೇಕಿದ್ದರು. ರಾಜೇಶ್ವರಿ ಎಲೆಕ್ಟ್ರಾನಿಕ್ಸ್ ವಿಷಯಕ್ಕೆ ಅರ್ಜಿ ಹಾಕಿ 1946ರಲ್ಲಿ ಆಯ್ಕೆಯಾದರು. ಅಮೆರಿಕದ ಆ್ಯನ್ ಆರ್ಬರ್‌ನಲ್ಲಿರುವ ಮಿಷಿಗನ್ ವಿಶ್ವವಿದ್ಯಾಲಯವನ್ನು ಆರಿಸಿಕೊಂಡರು. ಆ ಅರ್ಜಿ ಹಾಕುವ ಹೊತ್ತಿಗೆ ಅವರ ಹತ್ತಿರ ಎರಡು ರ‍್ಯಾಂಕುಗಳ ಜತೆಗೆ ಸಂಶೋಧನಾ ಸಂಸ್ಥೆಯೊಂದರಲ್ಲಿ ಕೆಲಸ ಮಾಡಿದ ಅನುಭವವೂ ಇತ್ತು. ಎಂ.ಎಸ್ಸಿ. ಮುಗಿದ ಕೂಡಲೇ ಹಾರಲಿಲ್ಲ, ನಡುವೆ ಮೂರು ವರ್ಷ ಇದೆ. ನಾನು ಈ ಮೂರು ವರ್ಷಗಳ ಮೇಲೆ ಬೆರಳಿಟ್ಟು ನೋಡುತ್ತೇನೆ.

1947ರ ಜುಲೈನಲ್ಲಿ ಅವರು ಹಡಗು ಹತ್ತಿದರು. ವಯಸ್ಸು 25. ದೇಶ ಸ್ವತಂತ್ರವಾಗಲು ಒಂದೇ ತಿಂಗಳು ಬಾಕಿ. ಬ್ರಿಟಿಷ್ ಇಂಡಿಯಾದಿಂದ ಹೊರಟ ಹುಡುಗಿ ಮುಂದೆ ಹಿಂದಿರುಗಿದ್ದು ಗಣರಾಜ್ಯ ಭಾರತಕ್ಕೆ. ಅವರ ವಿದ್ಯಾರ್ಥಿವೇತನಕ್ಕೆ ಒಂದು ಕರಾರು ಇತ್ತು. ಬರೀ ಡಿಗ್ರಿ ತಂದರೆ ಸಾಲದು, ಪ್ರಾಯೋಗಿಕ ತರಬೇತಿಯನ್ನೂ ಪಡೆಯಬೇಕಿತ್ತು. ಮಿಷಿಗನ್‌ನ ಎಲೆಕ್ಟ್ರಿಕಲ್ ಎಂಜಿನಿಯರಿಂಗ್ ವಿಭಾಗದಲ್ಲಿ ಸ್ನಾತಕೋತ್ತರ ಪದವಿ ಮುಗಿಸಿದ ಮೇಲೆ ಕರಾರಿನಂತೆ ವಾಷಿಂಗ್ಟನ್‌ಗೆ ಹೋದರು. ಅಲ್ಲಿನ ನ್ಯಾಷನಲ್ ಬ್ಯೂರೊ ಆಫ್ ಸ್ಟ್ಯಾಂಡರ್ಡ್ಸ್‌ನ ರೇಡಿಯೊ ಫ್ರೀಕ್ವೆನ್ಸಿ ಅಳತೆಯ ವಿಭಾಗದಲ್ಲಿ ಎಂಟು ತಿಂಗಳು ಕೆಲಸ ಕಲಿತರು. ಅಮೆರಿಕದಲ್ಲಿ ಅಳತೆಗಳ ಪ್ರಮಾಣ ನಿಗದಿ ಮಾಡುತ್ತಿದ್ದ ಸಂಸ್ಥೆ ಅದು.

ಈ ತರಬೇತಿ ಕೇಳಲು ಸಪ್ಪೆ. ಆದರೆ ಲ್ಯಾಬ್‌ನಲ್ಲಿ ಕೆಲಸ ಮಾಡಿದವರಿಗೆ ಅದರ ಬೆಲೆ ಗೊತ್ತು. ಆ್ಯಂಟೆನಾದ ಸೂತ್ರ ಯಾವ ಪುಸ್ತಕದಲ್ಲಾದರೂ ಸಿಗುತ್ತದೆ. ಅದು ನಿಜವಾಗಿ ಎಷ್ಟು ಶಕ್ತಿಯನ್ನು ಯಾವ ದಿಕ್ಕಿಗೆ ಬಿಡುತ್ತಿದೆ ಎಂದು ಅಳೆಯಲು ಬಾರದಿದ್ದರೆ ಸೂತ್ರ ಸೂತ್ರವಾಗಿಯೇ ಉಳಿಯುತ್ತದೆ. ಬೆಂಗಳೂರಿಗೆ ಬಂದು ಲ್ಯಾಬ್ ಕಟ್ಟುವವರಿಗೆ ಬೇಕಾಗಿದ್ದ ಕೈಕೆಲಸವೇ ಇದು.

ತರಬೇತಿ 1949ರಲ್ಲಿ ಮುಗಿಯಿತು. ಪಿಎಚ್.ಡಿ. ಮಾಡಬೇಕೆಂದರೆ ಮತ್ತೆ ಹಣದ ಪ್ರಶ್ನೆ. ಇಲ್ಲಿ ಬಂದದ್ದು ಬಾರ್ಬರ್ ವಿದ್ಯಾರ್ಥಿವೇತನ. ಇದರ ಹಿಂದೆಯೂ ಒಂದು ಸೊಗಸಾದ ಕಥೆ ಇದೆ. ಲೆವಿ ಬಾರ್ಬರ್ ಎಂಬುವವರು ಮಿಷಿಗನ್ ವಿಶ್ವವಿದ್ಯಾಲಯದ ಆಡಳಿತ ಮಂಡಳಿಯಲ್ಲಿ ಇದ್ದವರು. ಏಷ್ಯಾ ಪ್ರವಾಸದಲ್ಲಿ, ಮಿಷಿಗನ್‌ನಲ್ಲಿ ವೈದ್ಯಕೀಯ ಓದಿ ತಮ್ಮ ದೇಶಕ್ಕೆ ಮರಳಿ ಕೆಲಸ ಮಾಡುತ್ತಿದ್ದ ಏಷ್ಯಾದ ಹೆಣ್ಣುಮಕ್ಕಳನ್ನು ಕಂಡರು. ಇಂಥವರು ಇನ್ನಷ್ಟು ಜನ ಆಗಲಿ ಎಂದು 1917ರಲ್ಲಿ ಏಷ್ಯಾದ ಮಹಿಳೆಯರಿಗಾಗಿಯೇ ದತ್ತಿ ಇಟ್ಟರು. ಕಬ್ಬಿನ ತಳಿಗಳ ಮೇಲೆ ಕೆಲಸ ಮಾಡಿದ ಸಸ್ಯವಿಜ್ಞಾನಿ ಜಾನಕಿ ಅಮ್ಮಾಳ್ ಕೂಡ ಇದೇ ದತ್ತಿಯಿಂದ ಮಿಷಿಗನ್‌ನಲ್ಲಿ ಓದಿದವರು. ಎಲ್ಲೋ ನಾಲ್ಕು ಜನ ಚೆನ್ನಾಗಿ ಕೆಲಸ ಮಾಡಿದ್ದನ್ನು ಯಾರೋ ನೋಡಿದ್ದರಿಂದ, ಮೂರು ದಶಕದ ನಂತರ ಮೈಸೂರು ಸೀಮೆಯ ಹುಡುಗಿಯೊಬ್ಬಳ ಫೀಸ್ ಕಟ್ಟಲು ಹಣ ಇತ್ತು.

ಪ್ರೊ. ವಿಲಿಯಂ ಗೌಲ್ಡ್ ಡೌ ಅವರ ಮಾರ್ಗದರ್ಶನದಲ್ಲಿ ರಾಜೇಶ್ವರಿ 1953ರ ಆರಂಭದಲ್ಲಿ ಪಿಎಚ್.ಡಿ. ಪಡೆದರು. ಅಲ್ಲಿ ಉಳಿಯದೆ ಅದೇ ವರ್ಷ ದೇಶಕ್ಕೆ ಬಂದರು. ಭಾರತೀಯ ವಿಜ್ಞಾನ ಸಂಸ್ಥೆಯ ಎಲೆಕ್ಟ್ರಿಕಲ್ ಕಮ್ಯುನಿಕೇಷನ್ ಎಂಜಿನಿಯರಿಂಗ್ ವಿಭಾಗದಲ್ಲಿ ಅಧ್ಯಾಪಕಿಯಾದರು. ಹತ್ತು ವರ್ಷಗಳ ಹಿಂದೆ ವಿದ್ಯಾರ್ಥಿನಿಯಾಗಿ ಕಾಲಿಟ್ಟ ಸಂಸ್ಥೆ ಅದು. ಅಲ್ಲಿಯೇ ಪ್ರಾಧ್ಯಾಪಕರಾಗಿದ್ದ ಶಿಶಿರ್ ಕುಮಾರ್ ಚಟರ್ಜಿ ಅವರನ್ನು ಮದುವೆಯಾದರು. ಗಂಡ ಹೆಂಡತಿ ಸೇರಿ ಮೈಕ್ರೋವೇವ್ ಸಂಶೋಧನಾ ಪ್ರಯೋಗಾಲಯ ಕಟ್ಟಿದರು. ನಮ್ಮ ದೇಶದಲ್ಲಿ ಈ ವಿಷಯದ ಮೊದಮೊದಲ ಕೆಲಸಗಳು ಅಲ್ಲಿ ನಡೆದವು. ವಿಮಾನ, ಬಾಹ್ಯಾಕಾಶ ನೌಕೆಗಳಿಗೆ ಬೇಕಾಗುವ ವಿಶೇಷ ಆ್ಯಂಟೆನಾಗಳ ಮೇಲೆ ಅವರು ಸಂಶೋಧನೆ ಮಾಡಿದರು.

ಮುಂದೆ ಅವರು ಪ್ರಾಧ್ಯಾಪಕಿಯಾದರು, ವಿಭಾಗದ ಮುಖ್ಯಸ್ಥೆಯಾದರು. 20 ಜನರಿಗೆ ಪಿಎಚ್.ಡಿ. ಮಾರ್ಗದರ್ಶನ ಮಾಡಿದರು. 100ಕ್ಕೂ ಹೆಚ್ಚು ಸಂಶೋಧನಾ ಪ್ರಬಂಧ, ಏಳು ಪುಸ್ತಕ ಬರೆದರು. ಮೈಕ್ರೋವೇವ್ ಎಂಜಿನಿಯರಿಂಗ್ ಕುರಿತ ಅವರ ಪಠ್ಯಪುಸ್ತಕವೂ ಅದರಲ್ಲಿ ಸೇರಿದೆ. 1982ರಲ್ಲಿ ನಿವೃತ್ತಿಯಾದ ಮೇಲೆ ಸುಮ್ಮನೆ ಕೂರಲಿಲ್ಲ. ಭಾರತೀಯ ಮಹಿಳಾ ಅಧ್ಯಯನ ಸಂಘದ ಜತೆ ಸೇರಿ ಹೆಣ್ಣುಮಕ್ಕಳ ವಿಷಯದಲ್ಲಿ ಕೆಲಸ ಮಾಡಿದರು. ಸಾಮಾನ್ಯ ಜನರ ನಿಜ ಬದುಕಿನ ಕಥೆಗಳನ್ನು ವಸುಧೈವ ಕುಟುಂಬಕಂ ಎಂಬ ಪುಸ್ತಕವಾಗಿ ಬರೆದರು. ಮಗಳೂ ಎಲೆಕ್ಟ್ರಿಕಲ್ ಎಂಜಿನಿಯರಿಂಗ್ ಪ್ರಾಧ್ಯಾಪಕಿಯಾದರು. 2010ರ ಸೆಪ್ಟೆಂಬರ್ 3ರಂದು ರಾಜೇಶ್ವರಿ ತೀರಿಕೊಂಡರು.

ಈಗ ನಮ್ಮ ಲೆಕ್ಕಕ್ಕೆ ಬರೋಣ. ನಮ್ಮದು ಹುಣಸೂರು ತಾಲ್ಲೂಕಿನ ಹಳ್ಳಿ. ಮೂರು ಎಕರೆ ಜಮೀನು, ಅದರಲ್ಲಿ ಹೊಗೆಸೊಪ್ಪು. ತಾತ ಮೊದಲು ಗೇಣಿಗೆ ಉಳುತ್ತಿದ್ದವರು. ನಮ್ಮೂರ ಕಡೆಯವರೇ ಆದ ಕಲ್ಲಹಳ್ಳಿಯ ದೇವರಾಜ ಅರಸು ಮುಖ್ಯಮಂತ್ರಿಯಾಗಿದ್ದಾಗ, 1974ರ ಭೂಸುಧಾರಣೆ ತಿದ್ದುಪಡಿಯಿಂದ ತಾತ ಫಾರಂ ನಂಬರ್ 7 ಹಾಕಿ, ಉಳುತ್ತಿದ್ದ ಜಮೀನಿಗೆ ಒಡೆಯರಾದರು. ಕಳೆದ ವರ್ಷ ಮೈಸೂರಿನ ಕನ್ಸಲ್ಟೆನ್ಸಿಯೊಂದರವರು ಎರಡು ವರ್ಷದ ಎಂ.ಎಸ್.ಗೆ 40 ಲಕ್ಷ ಹೊಂದಿಸಿಕೊಳ್ಳಿ, ಉಳಿದದ್ದು ನಾವು ನೋಡಿಕೊಳ್ಳುತ್ತೇವೆ ಎಂದರು. ವಿದ್ಯಾರ್ಥಿವೇತನದ ಮಾತನ್ನೇ ಎತ್ತಲಿಲ್ಲ. ಅಪ್ಪ ಮನೆಗೆ ಬಂದು ಎರಡು ದಿನ ಮಾತಾಡಲಿಲ್ಲ. ಮೂರನೇ ದಿನ ಜಮೀನಿಗೆ ಗಿರಾಕಿ ವಿಚಾರಿಸಲು ಹೊರಟರು. ಅವ್ವ ಬೇಡ ಎನ್ನಲಿಲ್ಲ, ಆಯ್ತು ಅಂತಲೂ ಅನ್ನಲಿಲ್ಲ.

ಮಾರುವ ಮಾತೇ ಯಾಕೆ, ಸಾಲ ಸಿಗುವುದಿಲ್ಲವೇ ಎಂದು ಪೇಟೆಯ ಗೆಳೆಯರು ಕೇಳುತ್ತಾರೆ. ಶಿಕ್ಷಣ ಸಾಲದ ಮೊತ್ತ ದೊಡ್ಡದಾದರೆ ಸರ್ಕಾರಿ ಬ್ಯಾಂಕುಗಳು ಸಾಮಾನ್ಯವಾಗಿ ಅಡಮಾನ ಕೇಳುತ್ತವೆ. ಸೈಟು, ಮನೆ ಇದ್ದರೆ ಆಗುತ್ತದೆ. ಕೃಷಿ ಜಮೀನನ್ನು ಹೆಚ್ಚಿನ ಬ್ಯಾಂಕುಗಳು ಇದಕ್ಕೆ ಒಪ್ಪುವುದಿಲ್ಲ. ಸಾಲ ವಸೂಲಿಗೆ ಬ್ಯಾಂಕುಗಳು ಬಳಸುವ ಸರ್ಫೇಸಿ ಕಾಯ್ದೆ ಕೃಷಿ ಜಮೀನಿಗೆ ಅನ್ವಯಿಸದಿರುವುದು ಅದಕ್ಕೆ ಮುಖ್ಯ ಕಾರಣ. ಕಾಯ್ದೆ ರೈತನನ್ನು ಕಾಪಾಡಲು ಹಾಗಿದೆ, ಅದು ಒಳ್ಳೆಯದೇ. ಆದರೆ ಪರಿಣಾಮ ಏನೆಂದರೆ ಮೂರು ಎಕರೆ ಇದ್ದವನಿಗಿಂತ ಮೈಸೂರಿನಲ್ಲಿ ಒಂದು ಸೈಟು ಇದ್ದವನಿಗೆ ಸಾಲ ಸುಲಭ. ಹಾಗಾಗಿ ನಮ್ಮ ಕಡೆ ಉಳಿಯುವ ದಾರಿ ಎರಡು, ಮಾರುವುದು ಅಥವಾ ಕೈಸಾಲ ತರುವುದು.

ರಾಜೇಶ್ವರಿಯವರ ಜೀವನ ಓದಿದ ಮೇಲೆ ನಾನು ಅಪ್ಪನ ಮುಂದೆ ಒಂದು ಹಾಳೆಯಲ್ಲಿ ಬರೆದು ತೋರಿಸಿದೆ. ಅವರಿಗೆ ಒಂದೇ ಕಡೆಯಿಂದ ದೊಡ್ಡ ಗಂಟು ಬಂದಿಲ್ಲ. ಮೊದಲು ವಿಶ್ವವಿದ್ಯಾಲಯದ ಬಹುಮಾನ, ಆಮೇಲೆ ಸಂಶೋಧನಾ ಸಂಸ್ಥೆಯ ಕೆಲಸ, ಆಮೇಲೆ ಸರ್ಕಾರದ ವೇತನ, ಆಮೇಲೆ ಹೊರದೇಶದ ದತ್ತಿ. ಒಂದೊಂದೂ ಅದರ ಹಿಂದಿನದ್ದರಿಂದ ಹುಟ್ಟಿದ್ದು. ಬಾರ್ಬರ್ ವಿದ್ಯಾರ್ಥಿವೇತನ ಇವತ್ತಿಗೂ ಇದೆ. ಆದರೆ ಅದು ಮಿಷಿಗನ್‌ನಲ್ಲಿ ಈಗಾಗಲೇ ಓದುತ್ತಿರುವವರಿಗೆ. ಒಳಗೆ ಹೋದ ಮೇಲೆ ತೆರೆಯುವ ಬಾಗಿಲುಗಳು ಬೇರೆ, ಹೊರಗಿಂದ ತಟ್ಟುವ ಬಾಗಿಲುಗಳು ಬೇರೆ. ಅಮೆರಿಕದ ಒಳ್ಳೆಯ ವಿಶ್ವವಿದ್ಯಾಲಯಗಳಲ್ಲಿ ಎಂಜಿನಿಯರಿಂಗ್ ಪಿಎಚ್.ಡಿ.ಗೆ ಸಾಮಾನ್ಯವಾಗಿ ಫೀಸ್ ಮನ್ನಾ ಮಾಡಿ, ಸಂಶೋಧನೆ ಅಥವಾ ಬೋಧನೆಯ ಸಹಾಯಕರಾಗಿ ದುಡಿದದ್ದಕ್ಕೆ ತಿಂಗಳ ವೇತನವನ್ನೂ ಕೊಡುತ್ತಾರೆ. ಎಂ.ಎಸ್.ಗೆ ಹೆಚ್ಚಿನವರು ಸ್ವಂತ ಹಣವನ್ನೇ ಕಟ್ಟಬೇಕು. ಕನ್ಸಲ್ಟೆನ್ಸಿಯವರು ಈ ವ್ಯತ್ಯಾಸ ಹೇಳುವುದು ಕಡಿಮೆ.

ಹೊರಗಿಂದ ತಟ್ಟಬಹುದಾದ ಬಾಗಿಲುಗಳೂ ಇವೆ. ಕೇಂದ್ರ ಸಾಮಾಜಿಕ ನ್ಯಾಯ ಸಚಿವಾಲಯದ ನ್ಯಾಷನಲ್ ಓವರ್‌ಸೀಸ್ ಸ್ಕಾಲರ್‌ಶಿಪ್ ಪರಿಶಿಷ್ಟ ಜಾತಿ, ಅಲೆಮಾರಿ ಸಮುದಾಯ, ಭೂರಹಿತ ಕೃಷಿ ಕಾರ್ಮಿಕರು ಮತ್ತು ಸಾಂಪ್ರದಾಯಿಕ ಕುಶಲಕರ್ಮಿಗಳ ಮಕ್ಕಳಿಗೆ, ವರ್ಷಕ್ಕೆ 125 ಸ್ಥಾನ. ಬುಡಕಟ್ಟು ಸಚಿವಾಲಯದ ಇಂಥದೇ ಯೋಜನೆಯಲ್ಲಿ 20 ಸ್ಥಾನ, ಅದರಲ್ಲಿ 3 ಅತಿ ಹಿಂದುಳಿದ ಬುಡಕಟ್ಟುಗಳಿಗೆ ಮೀಸಲು. ಎಚ್.ಡಿ. ಕೋಟೆ, ಹುಣಸೂರಿನ ಹಾಡಿಗಳ ಜೇನುಕುರುಬರು ಆ ಪಟ್ಟಿಗೆ ಸೇರುತ್ತಾರೆ. ಹಾಡಿಯಲ್ಲಿ ಪದವಿ ಮುಗಿಸಿದ ಗೆಳೆಯರು ಯಾರಾದರೂ ನಿಮಗೆ ಗೊತ್ತಿದ್ದರೆ ಈ ಮಾತು ಅವರ ಕಿವಿಗೆ ಹಾಕಿ. ನಮ್ಮ ರಾಜ್ಯದಲ್ಲಿ ಪರಿಶಿಷ್ಟರಿಗೆ ಪ್ರಬುದ್ಧ ಯೋಜನೆ ಇದೆ. ಹಿಂದುಳಿದ ವರ್ಗದವರಿಗೆ ದೇವರಾಜ ಅರಸು ಅವರ ಹೆಸರಿನ ಅಭಿವೃದ್ಧಿ ನಿಗಮದಲ್ಲಿ ವಿದೇಶ ವ್ಯಾಸಂಗಕ್ಕೆ ಸಾಲ ಸಿಗುತ್ತದೆ. ತಾತನಿಗೆ ಜಮೀನು ಕೊಡಿಸಿದವರ ಹೆಸರಲ್ಲೇ ಮೊಮ್ಮಗಳು ಅರ್ಜಿ ಹಾಕುವಂತಾಗಿದೆ. ಅಲ್ಪಸಂಖ್ಯಾತರ ನಿಗಮದಲ್ಲೂ ಇಂಥ ಸಾಲ ಉಂಟು. ಷರತ್ತುಗಳು ಬದಲಾಗುವುದರಿಂದ ಆಯಾ ವರ್ಷದ ಪ್ರಕಟಣೆಯನ್ನೇ ನೋಡಬೇಕು.

ಜಾತಿ, ಆದಾಯದ ಮಿತಿ ಇಲ್ಲದವೂ ಇವೆ. ಜಮ್‌ಶೆಟ್‌ಜಿ ಟಾಟಾ 1892ರಲ್ಲೇ ಶುರು ಮಾಡಿದ ಜೆ.ಎನ್. ಟಾಟಾ ದತ್ತಿ ಸಾಲದ ರೂಪದ ವಿದ್ಯಾರ್ಥಿವೇತನ ಕೊಡುತ್ತದೆ. ಯುರೋಪಿನ ಎರಾಸ್ಮಸ್ ಮುಂಡಸ್‌ನಲ್ಲಿ ಆಯ್ಕೆಯಾದವರಿಗೆ ಫೀಸ್ ಇಲ್ಲ, ಮೇಲೆ ತಿಂಗಳಿಗೆ 1,400 ಯೂರೋ ಸಿಗುತ್ತದೆ. ಕೊನೆಯ ವರ್ಷದ ವಿದ್ಯಾರ್ಥಿಗಳೂ ಅರ್ಜಿ ಹಾಕಬಹುದು. ಜರ್ಮನಿಯ ಬಹುತೇಕ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಬೋಧನಾ ಶುಲ್ಕ ಇಲ್ಲ, ಆದರೆ ಒಂದು ವರ್ಷದ ಜೀವನ ಖರ್ಚನ್ನು ಮೊದಲೇ ಖಾತೆಯಲ್ಲಿ ಇಟ್ಟು ತೋರಿಸಬೇಕು. ಬ್ರಿಟನ್ನಿನ ಚೀವನಿಂಗ್‌ಗೆ ಎರಡು ವರ್ಷ, ಫುಲ್‌ಬ್ರೈಟ್ ನೆಹರೂ ಮಾಸ್ಟರ್ಸ್‌ಗೆ ಮೂರು ವರ್ಷ ಕೆಲಸದ ಅನುಭವ ಬೇಕು. ಇನ್‌ಲ್ಯಾಕ್ಸ್ ಹೆಸರು ದೊಡ್ಡದು, ಆದರೆ ಎಂಜಿನಿಯರಿಂಗ್‌ಗೆ ಸಾಮಾನ್ಯವಾಗಿ ಕೊಡುವುದಿಲ್ಲ. ಅರ್ಜಿಗೆ ಕೂರುವ ಮೊದಲು ಅರ್ಹತೆಯ ಪುಟ ಪೂರ್ತಿ ಓದಿದರೆ ತಿಂಗಳುಗಟ್ಟಲೆ ಸಮಯ ಉಳಿಯುತ್ತದೆ.

ಇನ್ನೊಂದು ವಿಷಯ ನಮ್ಮ ಕಡೆಯವರು ಗಮನಿಸಬೇಕು. ಹೊಗೆಸೊಪ್ಪಿನ ಹರಾಜು ಶುರುವಾಗುವುದು ದಸರಾ ಆಸುಪಾಸಿನಲ್ಲಿ. ಹಣ ಕೈಗೆ ಬರುವುದು ಅದರ ನಂತರ. ಅಷ್ಟು ಹೊತ್ತಿಗೆ ಇಂಗ್ಲಿಷ್ ಪರೀಕ್ಷೆ ಮುಗಿದು, ಅರ್ಜಿಗಳು ಹೋಗುತ್ತಿರಬೇಕು. ಹಾಗಾಗಿ ಪರೀಕ್ಷಾ ಶುಲ್ಕ, ಅರ್ಜಿ ಶುಲ್ಕ, ಪಾಸ್‌ಪೋರ್ಟ್ ಖರ್ಚನ್ನು ಹಿಂದಿನ ವರ್ಷದ ಸೊಪ್ಪಿನ ಹಣದಲ್ಲೇ ಎತ್ತಿಡಬೇಕು. ಜಾತಿ, ಆದಾಯ ಪ್ರಮಾಣಪತ್ರಗಳನ್ನು ನಾಡಕಚೇರಿಯಿಂದ ಮೊದಲೇ ಮಾಡಿಸಿ, ಅವಧಿ ಮುಗಿದಿಲ್ಲ ಎಂದು ನೋಡಿಕೊಳ್ಳಬೇಕು. ಶಿಫಾರಸು ಪತ್ರ ಕೊಡುವ ಮೇಷ್ಟ್ರಿಗೆ ನಮ್ಮ ಹೆಸರು ಹಾಜರಿ ಪುಸ್ತಕದಿಂದಾಚೆಗೂ ಗೊತ್ತಿರಬೇಕು. ಅದಕ್ಕೆ ಅವರ ಜತೆ ಒಂದು ಪ್ರಾಜೆಕ್ಟ್ ಮಾಡುವುದೇ ದಾರಿ.

ಬಿ.ಇ. ಮುಗಿದ ಕೂಡಲೇ ನಾನು ವಿಮಾನ ಹತ್ತುವುದಿಲ್ಲ ಎಂದು ಮನೆಯಲ್ಲಿ ಹೇಳಿದ್ದೇನೆ. ಮೊದಲು ಇಲ್ಲಿಯೇ ಯಾವುದಾದರೂ ಸಂಶೋಧನಾ ಸಂಸ್ಥೆಯಲ್ಲಿ ಪ್ರಾಜೆಕ್ಟ್ ಅಸಿಸ್ಟೆಂಟ್ ಕೆಲಸಕ್ಕೆ ಪ್ರಯತ್ನ, ಜತೆಗೆ ಗೇಟ್. ಎರಡು ಮೂರು ವರ್ಷದ ನಂತರ, ಫೀಸ್ ಮತ್ತು ಊಟದ ಖರ್ಚನ್ನು ಅವರೇ ಕೊಡುವ ಕಡೆಗೆ ಮಾತ್ರ ಅರ್ಜಿ. ಸಿಗದೆ ಹೋಗಬಹುದು. ವರ್ಷಕ್ಕೆ ಕೆಲವೇ ಜನಕ್ಕೆ ಸಿಗುವಂಥದ್ದು ಅದು. ಆಗಲೂ ಕೈಯಲ್ಲಿ ಒಂದು ಕೆಲಸ, ಹಿಂದೆ ಮೂರು ಎಕರೆ ಇರುತ್ತದೆ. ಜತೆಯವರು ಈಗಲೇ ಹೊರಟು ಹೋಗಿ ಫೋಟೋ ಹಾಕುವಾಗ ನೋಡಿಕೊಂಡು ಕೂರುವುದು ಸುಲಭವಲ್ಲ, ಅದೂ ನಿಜ.

ಗೆಳೆಯರೇ, ಹೋಗಬೇಡಿ ಎಂದು ನಾನು ಹೇಳುತ್ತಿಲ್ಲ. ಸಾಲ ಮಾಡಿ ಹೋಗಿ ತೀರಿಸಿದವರೂ ನಮ್ಮ ತಾಲ್ಲೂಕುಗಳಲ್ಲಿ ಇದ್ದಾರೆ. ಜಮೀನಿನ ಪಹಣಿ ಹಿಡಿದು ಗಿರಾಕಿಯ ಮುಂದೆ ಕೂರುವ ಮೊದಲು, ತಟ್ಟದೆ ಉಳಿದ ಬಾಗಿಲು ಎಷ್ಟಿವೆ ಎಂದು ಒಂದು ಹಾಳೆಯಲ್ಲಿ ಬರೆದು ಮನೆಯವರ ಜತೆ ಕೂತು ನೋಡಿ. ನನ್ನ ಹಾಳೆಯಲ್ಲಿ ಸದ್ಯಕ್ಕೆ ಒಂಬತ್ತು ಹೆಸರುಗಳಿವೆ. ಅಪ್ಪ ಗಿರಾಕಿ ಹುಡುಕುವುದನ್ನು ನಿಲ್ಲಿಸಿ, ಈ ಸಲದ ಸೊಪ್ಪಿನ ಮಡಿಗೆ ಬೀಜ ಹಾಕಿದ್ದಾರೆ.